ಬೆಂದ ಹಿಟ್ಟು ನೆನೀಲಿ ಅಂದದ್ದಕ್ಕ

ಕೂತ್ಕೊಳ್ರಿ, ಹೇಳ್ತೀನಿ. ನಗೂದಿದ್ರ ಇಲ್ಲೇ ನಕ್ಕುಬಿಡ್ರಿ, ಗುತ್ತೆವ್ವನ ಮುಂದ ಮಾತ್ರ ನಗಬ್ಯಾಡ್ರಿ. ಅಂಥಾ ಮಗನ್ನ ಹಡದಾಕಿಗೇ ಗೊತ್ತು ಅದರ ಸಂಕಟ.

ಗುತ್ತೆವ್ವಗ ಒಬ್ಬನ ಮಗ, ಮಾಲತೇಶ. ಇಪ್ಪತ್ತಾರು ವರ್ಷದಾಂವ. ಎತ್ತು ಎಳೀಲಾರದ ಬಂಡಿ ಎಳದಾನು, ಅಷ್ಟು ಕಸುವು. ಆದ್ರ ತಲಿ? ತಲಿ ಮಾತು ಬಿಡ್ರಿ. ಹೇಳಿದ್ದು ಹೇಳಿದಂಗ ಮಾಡ್ತಾನ, ಅದ ಅವನ ರೋಗ. "ದನಕ್ಕ ನೀರು ತೋರ್ಸಿ ಬಾರಲೇ" ಅಂದ್ರ ಕೆರಿ ದಂಡಿಗೆ ಹೊಡಕೊಂಡು ಹೋಗಿ, ಬರೇ ಕೆರಿ ತೋರ್ಸಿ, ಬಾಯಾರಿದ ದನ ಹಂಗ ತಿರುಗಿಸ್ಕೊಂಡು ಬಂದಾಂವ. ಇಂಥಾವನ ಕೈಯಾಗ ಗುತ್ತೆವ್ವನ ಮಾನ ಸಿಕ್ಕೊಂಡಿತ್ತು. ಹೆಂಗ ಸಿಕ್ಕೊಂಡಿತು, ಕೇಳ್ರಿ.

ಆಕಿಗೆ ಒಬ್ಬ ಅಣ್ಣ ಅದಾನ, ದಿಳ್ಳೆಪ್ಪ. ಹನ್ನೆರಡು ವರ್ಷದ ಹಿಂದ ತಂಗಿ ಮನಿಗೆ ಬಂದಾಗ ಗೋವಿನಜೋಳದ ರೊಟ್ಟಿ ಕಡದ. ರೊಟ್ಟಿ ಒಣಗಿತ್ತು, ಮುಂದಿನ ಹಲ್ಲು ಕಿತ್ತು ತಾಟಿನಾಗ ಬಿತ್ತು. "ತಂಗಿ ಬೇಕಂತಲೇ ಕಲ್ಲಿನಂಥಾ ರೊಟ್ಟಿ ನೀಡ್ಯಾಳ" ಅಂತ ಎದ್ದು ಹೋದಾಂವ, ಇವತ್ತಿನತನಾ ಆಕಿ ಮನ್ಯಾಗ ಒಂದು ತಂಬಿಗಿ ನೀರು ಮುಟ್ಟಿಲ್ಲ. ಅಲ್ರೀ, ಒಂದು ಹಲ್ಲಿಗೆ ಹನ್ನೆರಡು ವರ್ಷ ಸಿಟ್ಟೇನು? ಉದುರೋ ಹಲ್ಲಿತ್ತು, ಉದುರಿತು. ರೊಟ್ಟಿ ಏನು ಮಾಡೀತು, ರೊಟ್ಟಿ ಮಾಡಿದಾಕಿ ಏನು ಮಾಡ್ಯಾಳು?

ಈಗ ಅವನ ಮಗಳ ಲಗ್ನ. ಹೇಳಿ ಕಳಿಸಿದ: "ನಾಳೆ ಬರ್ತೀನಿ. ಬಾಗಲಾಗ ನಿಂತು ಲಗ್ನಪತ್ರ ಕೊಟ್ಟು ಮೂರೂವರಿ ಬಸ್ಸಿಗೆ ಹೋಗ್ತೀನಿ. ಕೂಡೂದಿಲ್ಲ, ಉಣ್ಣೂದಿಲ್ಲ."

ಗುತ್ತೆವ್ವಗ ಕಿಚ್ಚು ಹತ್ತಿತು. "ನನ್ನ ಮನ್ಯಾಗ ಉಣ್ಣದಾಂವನ ಮನಿ ಲಗ್ನಕ್ಕ ನಾ ಯಾವ ಮಾರಿ ತಗೊಂಡು ಹೋಗ್ಲಿ? ಹೋಗೂದಿಲ್ಲ" ಅಂದ್ಲು. ಅಂದ್ಲು ಖರೆ, ಅಂದು ಒಳಗ ಹೋಗಿ ಅತ್ಲು. ಆ ಹುಡುಗಿಗೆ ಅರಿಷಿಣ ಹಚ್ಚಾಕ ಸೋದರತ್ತಿ ಅಂತ ಇರಾಕಿ ಆಕಿ ಒಬ್ಬಾಕಿನ.

ಊರಿನ ಹೆಣ್ಣುಮಕ್ಕಳ ಸಂಘದಾಗ ಈಗ ಹೊಸಾ ನಮೂನಿ ಹಿಟ್ಟು ಮಾಡ್ತಾರ. ಗೋವಿನಜೋಳ ಮೊದಲ ಬೇಯಿಸಿ, ಒಣಗಿಸಿ, ಆಮ್ಯಾಲ ಬೀಸೂದು. ಬೆಂದ ಹಿಟ್ಟು ಅಂತಾರ. ಬೆಚ್ಚನ ನೀರಾಗ ಕಲಸಿದ್ರ ರೊಟ್ಟಿ ಸೀಳೂದಿಲ್ಲ, ಸಂಜೀತನಾ ಮೆತ್ತಗಿರ್ತೈತಿ. ಹಲ್ಲಿಲ್ಲದಾಂವನೂ ತಿಂದಾನು. ಇದನ್ನಾದ್ರೂ ಅಣ್ಣ ತಿಂದಾನು ಅಂತ ಗುತ್ತೆವ್ವ ಎರಡು ಚೀಲ ತಂದ್ಲು, ರುಚಿ ನೋಡಾಕಂತ ಒಂದು ಬಟ್ಟಲ ಬಿಡಿ ಹಿಟ್ಟೂ ತಂದ್ಲು. ಆದ್ರ ಅದ ವಾರ ನಳದ ಹತ್ರ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿಸ್ಕೊಂಡಿದ್ಲು, ಕೈಗೆ ಪಟ್ಟಿ. ಇನ್ನ ಕಲಸೋರು ಯಾರು, ಬಡಿಯೋರು ಯಾರು? ಮಾಲತೇಶನ.

ಮರುದಿನ ಮುಂಜಾನೆ ಎದ್ದು ಬಟ್ಟಲದ ಹಿಟ್ಟು ತೋರ್ಸಿ ಹೇಳಿದ್ಲು: "ಇದು ಬೆಂದ ಹಿಟ್ಟು ನೋಡಪಾ. ಜಾಸ್ತಿ ಬೇಯಿಸೂದು ಇಲ್ಲ, ಕುದಿಸೂದು ಇಲ್ಲ. ನೀರು ಹಾಕು, ಬಡಿ, ನನಗೊಂದು ಕೊಡು, ರುಚಿ ನೋಡ್ತೀನಿ."

ಮಾಲತೇಶ ನೀರು ಹಾಕಿದ, ಬಡದ, ತಾಟಿನಾಗಿಟ್ಟು ಕೊಟ್ಟ. ಗುತ್ತೆವ್ವ ಬಾಯಿಗಿಟ್ಲು. ಹಸೀ ಹಿಟ್ಟು ಹಲ್ಲಿಗೆಲ್ಲಾ ಮೆತ್ತಿಕೊಂಡಿತು.

"ಒಲಿ ಹಚ್ಚಿಲ್ಲೇನಲೇ?"

"ಬೆಂದೈತಿ ಅಂದ್ಯಲ್ಲಬೇ. ಬೆಂದಿದ್ದು ಮತ್ತ್ಯಾಕ ಬೇಯಿಸ್ಲಿ?"

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬೆಂದ ಹಿಟ್ಟಾದ್ರೂ ಹಂಚಿನ ಮ್ಯಾಲ ಹಾಕಬೇಕಲೇ. ಹಿಟ್ಟು ಕಂಡ್ರ ಹಂಚು, ತಿಳೀತಾ?"

"ತಿಳೀತು. ಹಿಟ್ಟು ಕಂಡ್ರ ಹಂಚು."

ತಿಳೀತಂತ! ಗುತ್ತೆವ್ವ ಹಿತ್ತಲಕ್ಕ ಹೋಗಿ ಬಾಯಿ ಮುಕ್ಕಳಿಸಿ ಬರೂದ್ರಾಗ ಮನಿ ತುಂಬಾ ಪ್ಲಾಸ್ಟಿಕ್ ಸುಟ್ಟ ನಾತ. ಹಿಟ್ಟಿನ ಒಂದು ಚೀಲ ಬಾಯಿ ಕಟ್ಟಿದಂಗ ಹಂಚಿನ ಮ್ಯಾಲ ಕೂತಿತ್ತು. ಮಾಲತೇಶ ಅದನ್ನ ಉಟ್ಟ ಅರಿಬಿ ತುದೀಲೆ ಹಿಡದು ರೊಟ್ಟಿ ಹೊಳ್ಳಿ ಹಾಕಿದಂಗ ಹೊಳ್ಳಿ ಹಾಕಾಕತ್ತಿದ್ದ. ಒಂದು ಚೀಲ ಹೋತು. ಇನ್ನೊಂದ ಉಳೀತು.

"ಏ ಮುಠ್ಠಾಳ, ಅದರ ಬಾಯಿ ಬಿಚ್ಚಬೇಕೋ ಬ್ಯಾಡೋ? ಹಿಟ್ಟಿನ ಮುಂದ ಕೂತ್ರ ಮೊದಲ ಬಾಯಿ ಬಿಚ್ಚಬೇಕು. ಎಷ್ಟ ಸಲ ಹೇಳಬೇಕು?"

"ಒಮ್ಮಿ ಹೇಳಿದ್ರ ಸಾಕಬೇ. ಹಿಟ್ಟಿನ ಮುಂದ ಕೂತ್ರ ಬಾಯಿ ಬಿಚ್ಚಬೇಕು."

ಗುತ್ತೆವ್ವ ಎಡಗೈಲೆ ಎರಡನೇ ಚೀಲ ತಾನ ಹರದು ಪರಾತಕ್ಕ ಸುರುವಿದ್ಲು. ಬೆಚ್ಚನ ನೀರು ಬಾಜೂಕಿಟ್ಲು. "ಹತ್ತು ನಿಮಿಷ ಹಿಟ್ಟು ನೆನೀಲಿ. ಆಮ್ಯಾಲ ನಾದು" ಅಂತ ಹೇಳಿ ಹೊರಗ ಕಟ್ಟಿ ಬಳ್ಯಾಕ ಹೋದ್ಲು. ಅಣ್ಣ ಕೂಡೂದಿಲ್ಲ ಅಂದಾನ, ಆದ್ರೂ ಕೂತಾನು ಅಂತ ಆಸೆ, ಪಾಪ.

ಒಳಗಿಂದ ಮಾತು ಕೇಳಾಕತ್ತಿತು. ಯಾರು ಬಂದ್ರಪಾ ಅಂತ ಹಣಿಕಿ ಹಾಕ್ತಾಳ, ಮಾಲತೇಶ ಪರಾತದ ಮುಂದ ಚಕ್ಕಳಮಕ್ಕಳ ಹಾಕಿ ಕೂತು ಒಣಾ ಹಿಟ್ಟಿಗೆ ಬುದ್ಧಿ ಹೇಳಾಕತ್ತಾನ.

"ನೆನಿ, ನೆನಿ. ನಿನ್ನ ಹೊಲ ನೆನಿ. ಆ ಹೊಲದಾಗ ಗಿಣಿ ಬಂದಿದ್ದು ನೆನಿ. ಒಕ್ಕಣಿ ಮಾಡಿದ್ದು ನೆನಿ. ಸಂಘದ ಮನ್ಯಾಗ ನಿನ್ನ ಕುದಿಸಿದ್ರಲ್ಲ, ಅದನ್ನೂ ನೆನಿ."

"ಯಾರ ಜೋಡಿ ಮಾತಾಡ್ತೀಯಲೇ?"

"ಹಿಟ್ಟು ನೆನೀಲಿ ಅಂದ್ಯಲ್ಲ. ತಾನಾಗಿ ನೆನೀವಲ್ದು. ಅದಕ್ಕ ಬಾಯಿ ಬಿಚ್ಚಿ ನೆನಪು ಮಾಡಿ ಕೊಡಾಕತ್ತೀನಿ."

ಗುತ್ತೆವ್ವ ಬಾಗಲ ಚೌಕಟ್ಟಿಗೆ ತಲಿ ಬಡಕೊಂಡ್ಲು. ನೀವಾಗಿದ್ರ ಏನು ಮಾಡ್ತಿದ್ರಿ?

"ನೆನಿಯೂದಂದ್ರ ತೋಯೂದಲೇ, ನನ್ನಪ್ಪಾ! ನೀರಾಗ ತೋಯೂದು. ನೆನೀತೀನಿ ಅಂತ ಒಣಗಿ ಕೂತಿದ್ದು ಕಂಡ್ರ ನೀರು ಹಾಕಬೇಕು, ಮಾತಾಡೂದಲ್ಲ. ಹಾಕು ನೀರು."

ನೀರು ಹಾಕಿದ. ನಾದಿದ. ನಾದೂದೇನು, ಆ ಕಸುವಿಗೆ ಹಿಟ್ಟು ಬೆಣ್ಣಿ ಆತು. ಗುತ್ತೆವ್ವನ ಜೀವಕ್ಕ ಒಂಚೂರು ತಂಪು. "ಈಗ ಒದ್ದಿ ಅರಿಬಿ ಹೊಚ್ಚು. ಅರಿಬಿ ಒಣಗಾಕ ಬಿಡಬ್ಯಾಡ. ಒಣಗಿತು ಅನ್ನಿಸಿದ್ರ ಮತ್ತ ನೀರು ಚಿಮುಕಿಸು" ಅಂದ್ಲು. ಹಂಗ ಮಾಡಿದ. ಮುಂಜಾನಿಂದ ತಪ್ಪಿಲ್ಲದ ಮಾಡಿದ್ದು ಇದ ಮೊದಲು.

ಎರಡೂವರಿಗೆ ದಿಳ್ಳೆಪ್ಪ ಬಂದ. ಇಸ್ತ್ರಿ ಮಾಡಿದ ಧೋತ್ರ, ಬಿಳೀ ಅಂಗಿ. ಲಗ್ನಪತ್ರದ ಚೀಲ ಕಟ್ಟಿಮ್ಯಾಲಿಟ್ಟು ಒಂದು ಪತ್ರ ತಗದು, ಹೊಸ್ತಿಲ ಹೊರಗ ನಿಂತು ಚಾಚಿದ. "ತಗೋ. ಬರೂದಾದ್ರ ಬಾ."

ಬರೂದಾದ್ರ ಬಾ ಅಂತ! ಒಡಹುಟ್ಟಿದಾಕಿನ್ನ ಕರಿಯೂ ರೀತಿ ಏನ್ರಿ ಇದು?

ಗುತ್ತೆವ್ವ ಪತ್ರಕ್ಕ ಕೈ ಚಾಚಲಿಲ್ಲ. "ಒಳಗ ಬಾ ಅಂದ್ರ ಬರೂದಿಲ್ಲ, ಕೂಡು ಅಂದ್ರ ಕೂಡೂದಿಲ್ಲ. ಒಂದು ಹಲ್ಲಿನಕಿಂತ ನಾ ಕಡಿಮಿ ಆದ್ನೇನಣ್ಣಾ? ಹನ್ನೆರಡು ವರ್ಷದಾಗ ಒಂದ ದಿನಾರ ಈ ತಂಗೀನ್ನ ನೆನದಿಯೇನು?"

ದಿಳ್ಳೆಪ್ಪ ಎಷ್ಟಾದ್ರೂ ಅಣ್ಣ. ಮಾರಿ ಆ ಕಡೆ ತಿರುಗಿಸಿ ಅಂದ: "ನೆನೀದ ಇರ್ತೀನೇನವಾ? ದಿನಾ ನೆನೀತೀನಿ."

ಮಾಲತೇಶ ಬಾಗಲ ಸಂದ್ಯಾಗ ನಿಂತು ಕೇಳಿದ. ಮಾವನ್ನ ಮ್ಯಾಲಿಂದ ಕೆಳತನಾ ನೋಡಿದ. ದಿನಾ ನೆನೀತೀನಿ ಅಂತಾನ, ಮೈಮ್ಯಾಲ ಒಂದ ಹನಿ ನೀರಿಲ್ಲ. ಕೊಡ ಎತ್ತಿಕೊಂಡು ಬಂದ. ತುಂಬಿದ ಕೊಡ, ಮಾವನ ನೆತ್ತಿಮ್ಯಾಲ ಬೋರಲು ಹಾಕಿದ.

ದಿಳ್ಳೆಪ್ಪಗ ಉಸರು ಹೊಳ್ಳಿ ಬರಾಕ ಒಂದು ಗಳಿಗಿ ಬೇಕಾತು. "ಅವತ್ತ ಹಲ್ಲು ಮುರದ್ರಿ, ಇವತ್ತ ಮುಳುಗಿಸಿದ್ರಿ! ನಾ ಹೊಂಟೆ" ಅಂತ ತಿರುಗಿದ. ಧೋತ್ರ ಕಾಲಿಗೆ ಸುತ್ತಿಕೊಂಡಿತು. ಆ ವೇಷದಾಗ ಬಸ್ ಹತ್ತೂದು ಹೆಂಗ, ಇನ್ನೂ ಆರು ಮನಿಗೆ ಲಗ್ನ ಹೇಳೂದು ಹೆಂಗ? ಹಲ್ಲು ಕಡಕೋತ ಒಳಗ ಬಂದ. ಮಾಲತೇಶನ ಲುಂಗಿ ಸುತ್ತಿಕೊಂಡ, ಅಂಗಿ-ಧೋತ್ರ ಹಿತ್ತಲ ತಂತಿಮ್ಯಾಲ ಹಾಕಿಸಿದ. "ಧೋತ್ರ ಒಣಗಿದ ಕೂಡ್ಲೇ ಹೋಗಾಂವ. ಉಣ್ಣೂದಿಲ್ಲ" ಅಂತ ಗ್ವಾಡಿಗೆ ಮಾರಿ ಮಾಡಿ ಕೂತ.

ಗುತ್ತೆವ್ವ ಮಗನ್ನ ಬೈಯಾಕ ಬಾಯಿ ತಗದ್ಲು, ಆದ್ರ ಹೊತ್ತಿರಲಿಲ್ಲ. ಅಣ್ಣ ಒಳಗ ಕೂತಾನ, ಹಿಟ್ಟು ತಯಾರೈತಿ. ಎಡಗೈಲೆ ಬಡದ್ಲು, ಸೊಟ್ಟ ಆದ್ವು, ಹಂಚಿಗೆ ಹಾಕಿದ್ಲು, ಉಬ್ಬಿದ್ವು. ಬೆಣ್ಣಿ ಇಟ್ಟು, ಚಟ್ನಿ ಇಟ್ಟು, ಅಣ್ಣನ ಮುಂದ ತಾಟು ಸರಿಸಿದ್ಲು.

ಬಹಳ ಹೊತ್ತು ಮುಟ್ಟಲಿಲ್ಲ. ಆಮ್ಯಾಲ ಒಂದು ಬೆರಳಿಟ್ಟು ಒತ್ತಿ ನೋಡಿದ. ರೊಟ್ಟಿ ತಗ್ಗಿತು. ಮಡಚಿದ, ಮಡಚಿತು. ಒಂದು ತುತ್ತು ಬಾಯಿಗಿಟ್ಟು, ಹಲ್ಲಿಲ್ಲದ ಕಡೆ ಹೊಳ್ಳಿಸ್ಕೊಂಡು, ಕಣ್ಣು ಮುಚ್ಚಿ ಅಗದ.

"ಇದು ಗೋವಿನಜೋಳದ್ದ ಏನು?"

"ಹೌದಣ್ಣಾ."

"ಸುಳ್ಳ" ಅಂದು ಇನ್ನೊಂದು ಮುರದ.

ಮೂರೂವರಿ ಬಸ್ ಹೋತು. ನಾಲ್ಕೂವರೀದೂ ಹೋತು. ಅಣ್ಣ-ತಂಗಿ ಹುಡುಗಿ ಸೀರಿ ಮಾತು ಆಡಿದ್ರು, ಅರಿಷಿಣದ ದಿನ ಯಾರ್‍ಯಾರು ಅಂತ ಆಡಿದ್ರು. ನಡುನಡುವ ದಿಳ್ಳೆಪ್ಪ, "ಧೋತ್ರ ಒಣಗೇತೇನು ನೋಡವಾ" ಅಂತಿದ್ದ. "ಇನ್ನೂ ಹಸೀ ಐತಿ ಮಾವಾ" ಅಂತ ಹಿತ್ತಲಿಂದ ಮಾಲತೇಶ ಒದರತಿದ್ದ.

"ಇಂಥಾ ಬಿಸಲಾಗ ಯಾಕ ಒಣಗವಲ್ದು?" ಅಂದ ದಿಳ್ಳೆಪ್ಪ.

ಗುತ್ತೆವ್ವ ಎದ್ದು ಹಿತ್ತಲಕ್ಕ ಹೋದ್ಲು. ಮಾಲತೇಶ ತಂತಿ ಮುಂದ ತಂಬಿಗಿ ಹಿಡಕೊಂಡು ನಿಂತಿದ್ದ. ಧೋತ್ರ ಎಲ್ಲಿ ಒಣಗಿತು ಅನ್ನಿಸ್ತೈತೋ ಅಲ್ಲಿ ಬೆರಳ ಅದ್ದಿ ಅದ್ದಿ ನೀರು ಚಿಮುಕಿಸಾಕತ್ತಿದ್ದ.

"ಅರಿಬಿ ಒಣಗಾಕ ಬಿಡಬ್ಯಾಡ ಅಂದಿದ್ಯಲ್ಲಬೇ" ಅಂದ.

ಗುತ್ತೆವ್ವ ಹೊಡಿಯಾಕ ಕೈ ಎತ್ತಿದ್ಲು. ಒಳಗಿಂದ ಅಣ್ಣನ ದನಿ ಬಂತು: "ತಂಗೀ, ಇನ್ನೊಂದು ರೊಟ್ಟಿ ಐತೇನು?"

ಎತ್ತಿದ ಕೈ ಇಳಿಸಿದ್ಲು. ಮಗನ ಹತ್ರ ಬಂದು ಮೆಲ್ಲಕ ಅಂದ್ಲು: "ಆ ಎಡಗಡೆ ತುದಿ ಒಣಗೈತಿ ನೋಡಪಾ. ಅಲ್ಲೂ ಒಂಚೂರು ಹಾಕು."