ಅಂತೆಯ ಒಡೆಯ

"ಕಿಟಕಿ ಮುರಿದಿತ್ತು, ಮೇಷ್ಟ್ರೇ. ಕಳ್ಳ ಕಿಟಕಿಯಿಂದ ಒಳಗೆ ಬಂದ ಅಂತ ಹೇಳಿದೆ. ಅದರಲ್ಲಿ ತಪ್ಪೇನಿದೆ?"

ಕೇಳಿದವಳು ಸುಗುಣ, ಪೊಲೀಸ್ ತರಬೇತಿ ಶಾಲೆಯ ಆ ವರ್ಷದ ಅತ್ಯಂತ ಚುರುಕಾದ ವಿದ್ಯಾರ್ಥಿನಿ. ಅಭ್ಯಾಸಕ್ಕೆಂದು ಕಳ್ಳತನವಾದಂತೆ ಸಜ್ಜು ಮಾಡಿದ್ದ ಕೋಣೆಯನ್ನು ನೋಡಿಬಂದು ಅವಳು ವರದಿ ಒಪ್ಪಿಸಿದ್ದಳು. ಮಾದಯ್ಯ ಮೇಷ್ಟ್ರು ಮೊದಲ ವಾಕ್ಯಕ್ಕೇ ಕೈ ಅಡ್ಡ ಹಿಡಿದು, "ಮತ್ತೆ ನೋಡಿ ಬಾ" ಎಂದಿದ್ದರು. ಎಲ್ಲರೆದುರು ಹಾಗೆಂದದ್ದು ಅವಳಿಗೆ ಅವಮಾನವಾಗಿತ್ತು.

ಮೇಷ್ಟ್ರು ಅವಳನ್ನು ಕೂರಿಸಿ ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಹಿರಿಯ ತಳವಾರನಿದ್ದ. ಊರು ಕಾಯುವುದು, ಕಳ್ಳರನ್ನು ಪತ್ತೆ ಮಾಡುವುದು ತಳವಾರರ ಕೆಲಸ. ಹೊಸದಾಗಿ ಸೇರಿದವರಿಗೆ ವಿದ್ಯೆ ಕಲಿಸುವ ಹೊಣೆ ಈ ಹಿರಿಯನದು. ಕತ್ತಿ ಹಿಡಿಯುವುದನ್ನು ಅವನು ಎಲ್ಲಕ್ಕಿಂತ ಕೊನೆಗೆ ಕಲಿಸುತ್ತಿದ್ದ. ಮೊದಲು ಕಲಿಸುತ್ತಿದ್ದದ್ದು ಮಾತಾಡುವುದನ್ನು.

ಅವನ ಪಾಠ ಇಷ್ಟೇ. ಕಣ್ಣಾರೆ ಕಂಡದ್ದಕ್ಕೆ 'ಕಂಡೆ' ಅನ್ನು. ಊಹಿಸಿದ್ದಕ್ಕೆ 'ಇರಬೇಕು' ಅನ್ನು. ಇನ್ನೊಬ್ಬರಿಂದ ಕೇಳಿದ್ದಕ್ಕೆ 'ಅಂತೆ' ಸೇರಿಸು. ಸೇರಿಸಿದರೆ ಸಾಲದು, ಆ ಅಂತೆಯ ಒಡೆಯ ಯಾರೆಂದೂ ಹೇಳು. ಬೆಳಗಾದರೆ ಇದೇ ಪಾಠ. ಊಟಕ್ಕೆ ಕೂತಾಗ ಯಾರಾದರೂ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ, "ನೀನು ರುಚಿ ನೋಡಿದೆಯಾ, ಪಕ್ಕದವನ ಮುಖ ನೋಡಿದೆಯಾ?" ಎಂದು ಕೇಳುತ್ತಿದ್ದ. ಕಳ್ಳರನ್ನು ಹಿಡಿಯೋಣವೆಂದು ಬಂದರೆ ಈ ಮುದುಕ ವ್ಯಾಕರಣ ಕಲಿಸುತ್ತಾನೆ ಎಂದು ಹೊಸಬರು ಬೆನ್ನ ಹಿಂದೆ ಗೊಣಗುತ್ತಿದ್ದರು. ಗೊಣಗದವನು ಒಬ್ಬನೇ. ಅವನೇನು ಮಹಾ ಬುದ್ಧಿವಂತನಲ್ಲ. ಹೇಳಿಕೊಟ್ಟದ್ದನ್ನು ಹಾಗೆಯೇ ಮಾಡುವವನು. ಅಂಥವನನ್ನು ಜೊತೆಯವರು ಪೆದ್ದ ಎಂದು ಕರೆಯುವುದು ಎಲ್ಲ ಕಾಲದಲ್ಲೂ ಇದ್ದದ್ದೇ.

ಒಂದು ದಿನ ಬೆಳಗ್ಗೆ ಪೇಟೆಯ ಮೆಣಸಿನ ವರ್ತಕನೊಬ್ಬ ತನ್ನ ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಬಿದ್ದಿದ್ದ. ತಲೆ ಒಡೆದಿತ್ತು. ಉಸಿರಿತ್ತು, ಮಾತಿರಲಿಲ್ಲ. ವೈದ್ಯ ಬಂದು ಅವನನ್ನು ಮನೆಗೆ ಸಾಗಿಸಿದ. ಅಷ್ಟರಲ್ಲಿ ಊರೆಲ್ಲ ಬಾಗಿಲ ಮುಂದೆ ನೆರೆದಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು: ಮಡಿವಾಳ ಓಡಿಹೋದ.

ಆ ಮಡಿವಾಳನಿಗೂ ವರ್ತಕನಿಗೂ ಹಿಂದಿನ ದಿನವಷ್ಟೇ ಜಗಳವಾಗಿತ್ತು. ಒಗೆಯಲು ಕೊಟ್ಟ ಪಂಚೆ ಹರಿದುಬಂದಿತ್ತೆಂದು ವರ್ತಕ ಬೈದಿದ್ದ, ಮೊದಲೇ ಹರಿದಿತ್ತೆಂದು ಮಡಿವಾಳ ತಿರುಗಿ ಬೈದಿದ್ದ. ಅದನ್ನು ಬೀದಿಯೆಲ್ಲ ಕೇಳಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಅಷ್ಟು ಸಾಕಾಯಿತು. ಹಳೆಯ ತಳವಾರರು ಹೊಳೆಗೆ ಹೋದರು. ಓಡಿಹೋದವನು ಅಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದ. ಅವನ ಕೈ ಕಟ್ಟಿ ಎಳೆದು ತಂದರು.

ಸಂಜೆ ರಾಜನ ಮುಂದೆ ವಿಚಾರಣೆ. ಹೊರಿಸಿದ ತಪ್ಪು ರುಜುವಾದರೆ ಎರಡೂ ಕೈ ಕಡಿಯುವುದು ಆ ರಾಜ್ಯದ ಶಿಕ್ಷೆ. ಮಡಿವಾಳನ ಹೆಂಡತಿ ಓಡಿಬಂದು ಹಿರಿಯ ತಳವಾರನ ದಾರಿಗೆ ಅಡ್ಡ ನಿಂತಳು.

"ಕಲ್ಲಿಗೆ ಬಟ್ಟೆ ಬಡಿಯೋ ಕೈ ಕಣಪ್ಪ ಅವು. ಅವು ಹೋದ್ರೆ ನಮಗೆ ಇನ್ನೇನೈತೆ?"

ಹಿರಿಯನಿಗೆ ಮರುಕವಾಯಿತು. ಆದರೂ ಅವನು ಅವಳಿಗೆ ಸಮಾಧಾನದ ಸುಳ್ಳು ಹೇಳಲಿಲ್ಲ. ಪೆದ್ದನೆನಿಸಿಕೊಂಡ ಆ ಹೊಸಬನನ್ನು ಕರೆದು, "ನೋಡು, ಕೇಳು, ಸಂಜೆ ಸಭೆಗೆ ಬಂದು ಒಪ್ಪಿಸು" ಎಂದ.

ಉಗ್ರಾಣದಲ್ಲಿ ಹಳಬರು ಆಗಲೇ ಕತೆ ಕಟ್ಟಿ ಮುಗಿಸಿದ್ದರು. ಓಡುವ ಅವಸರದಲ್ಲಿ ಏಣಿ ಕೆಡವಿದ್ದಾನೆ, ಮೂಟೆ ಒದ್ದಿದ್ದಾನೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಡುತ್ತಿದ್ದರು. ಹೊಸಬ ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲೇ ಕೈ ಕಟ್ಟಿ ನಿಂತು ಪಾಠ ಒಪ್ಪಿಸಿಕೊಂಡ. ಏಣಿ ಬಿದ್ದಿದೆ, ಕಂಡೆ. ಮೂಟೆ ಒಡೆದಿದೆ, ಕಂಡೆ. ನೆಲದ ತುಂಬ ಮೆಣಸು ಚೆಲ್ಲಿದೆ, ಕಂಡೆ. ಮಡಿವಾಳ ಓಡಿದ್ದನ್ನು ಕಾಣೆ.

ಕಾಣದ್ದನ್ನು ಕಂಡವರಾರು ಎಂದು ಹುಡುಕಿಕೊಂಡು ಹೊರಟ. ಹೂವಾಡಗಿತ್ತಿ, ನಾನೆಲ್ಲಿ ಕಂಡೆ, ಗಾಣಿಗ ಹೇಳಿದ ಅಂದಳು. ಗಾಣಿಗನನ್ನು ಕೇಳಿದರೆ ಅವನು ನಕ್ಕುಬಿಟ್ಟ. "ಹೇಳಿದ್ದು ನಿಮ್ಮ ತಳವಾರರೇ ಅಲ್ವೇನಪ್ಪ? ನನ್ನ ಕೇಳೋಕೆ ಬಂದಿದೀಯ."

ಹೊಸಬ ತಿರುಗಿ ತನ್ನವರಲ್ಲಿಗೇ ಬಂದ. ಮೊದಲು ಹೇಳಿದವನು ಕಾವಲಿನ ದೊಡ್ಡ ಮೀಸೆಯವನು. ಅವನೆದುರು ಹೊಸಬರು ಕೆಮ್ಮುವುದಕ್ಕೂ ಹೆದರುತ್ತಿದ್ದರು. ಇವನಿಗೂ ಹೆದರಿಕೆಯಾಯಿತು. ಹೆದರಿಕೊಂಡೇ ಕೇಳಿದ. ಮೀಸೆಯವನು ಮೊದಲು ಗದರಿದ. ಸಂಜೆ ರಾಜನೂ ಇದನ್ನೇ ಕೇಳಬಹುದೆಂದು ಹೊಳೆದಾಗ ಬಾಯಿಬಿಟ್ಟ. ಅವನೂ ಕಂಡಿರಲಿಲ್ಲ. ವರ್ತಕನ ಅಣ್ಣನ ಮಗ ಬಂದು, ಮಡಿವಾಳ ಓಡಿಹೋದನಂತೆ ಎಂದಿದ್ದ. ಅದನ್ನೇ ಇವನು ಬೀದಿಯಲ್ಲಿ ನಿಂತು, ಮಡಿವಾಳ ಓಡಿಹೋದ ಎಂದಿದ್ದ. ಅಂತೆ ಬಿದ್ದುಹೋದದ್ದು ತಳವಾರನ ಬಾಯಲ್ಲಿ. ತಳವಾರನೇ ಬಿಟ್ಟ ಅಂತೆಯನ್ನು ಊರಿನವರು ಹುಡುಕಿ ಸೇರಿಸುತ್ತಾರೆಯೇ?

ಸಂಜೆ ಸಭೆ ತುಂಬಿತು. ಹೊಸಬ ತಾನು ಕಂಡದ್ದನ್ನು ಕಂಡಷ್ಟೇ ಒಪ್ಪಿಸಿ, ಅಣ್ಣನ ಮಗನ ಕಡೆ ತಿರುಗಿದ.

"ಓಡಿಹೋದನಂತೆ ಅಂದಿರಿ. ಆ ಅಂತೆಯ ಒಡೆಯ ಯಾರು?"

ಅಣ್ಣನ ಮಗ ಸಭೆಯ ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ. ತೋರಿಸಲು ಒಂದು ಮುಖವೂ ಸಿಗಲಿಲ್ಲ. ಬೆವರು ಒರೆಸಿಕೊಂಡು ತಲೆ ತಗ್ಗಿಸಿದ.

"ಯಾರೂ ಇಲ್ಲ ಸ್ವಾಮಿ. ಆಗ ಅಂಗಡೀಲಿ ಇದ್ದೋನು ನಾನೊಬ್ಬನೇ. ಎಲ್ಲರೂ ನನ್ನ ಮುಖಾನೇ ನೋಡ್ತಿದ್ರು. ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ."

ರಾಜ ಸಿಂಹಾಸನದಿಂದ ಎದ್ದು ಕೆಳಗಿಳಿದು ಬಂದ. ಮಡಿವಾಳನ ಕೈಗೆ ಕಟ್ಟಿದ್ದ ಹಗ್ಗವನ್ನು ತಾನೇ ಬಿಚ್ಚಿದ. ಹೆಂಡತಿ ಆ ಎರಡು ಕೈಗಳನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು. ಬೆಳಗ್ಗೆ ಮಡಿವಾಳನಿಗೆ ಕಲ್ಲೆಸೆಯಲು ನಿಂತಿದ್ದ ಊರೇ ಈಗ ತಮಟೆ ತಂದಿತು. ಮಡಿವಾಳನನ್ನು ಒಂದು ಹೆಗಲ ಮೇಲೆ, ಪೆದ್ದನನ್ನು ಇನ್ನೊಂದು ಹೆಗಲ ಮೇಲೆ ಹೊತ್ತು ಪೇಟೆಬೀದಿಯುದ್ದಕ್ಕೂ ಕುಣಿದರು. ಹಿರಿಯ ತಳವಾರ ಹಿಂದೆ ನಡೆದು ಬರುತ್ತಿದ್ದ. ಅವನಿಗೆ ಆ ದಿನ ಆದಷ್ಟು ಸಂತೋಷ ಕತ್ತಿ ಹಿಡಿದು ಗೆದ್ದ ಯಾವ ದಿನವೂ ಆಗಿರಲಿಲ್ಲ. ಎರಡಕ್ಷರದ ಮಾತೊಂದು ಎರಡು ಕೈಗಳನ್ನು ಉಳಿಸಿತ್ತು.

ಮರುದಿನ ಬೆಳಗ್ಗೆ ಪಾಠಕ್ಕೆ ಹೊಸಬರೆಲ್ಲ ಕರೆಯುವ ಮೊದಲೇ ಬಂದು ಕೂತಿದ್ದರು. ದೊಡ್ಡ ಮೀಸೆಯವನೂ ಬಂದು ಅವರ ಸಾಲಿನ ಕೊನೆಯಲ್ಲಿ ಕೂತ. ಯಾರೂ ನಗಲಿಲ್ಲ. ಹಿರಿಯ ಅವನಿಗೂ ಮೊದಲಿನಿಂದ ಶುರುಮಾಡಿದ: ಕಂಡದ್ದಕ್ಕೆ ಕಂಡೆ ಅನ್ನು.

ಮಾದಯ್ಯ ಮೇಷ್ಟ್ರು ಕತೆ ನಿಲ್ಲಿಸಿದರು. ಸುಗುಣಳ ಮುಖದಲ್ಲಿ ಸಿಟ್ಟು ಉಳಿದಿರಲಿಲ್ಲ. ತಾನೇ ಆ ಮೆರವಣಿಗೆಯಲ್ಲಿ ಕುಣಿದು ಬಂದವಳಂತೆ ಅವಳ ಕಣ್ಣು ಹೊಳೆಯುತ್ತಿತ್ತು.

"ಈಗ ಅರ್ಥವಾಯಿತು, ಮೇಷ್ಟ್ರೇ," ಎಂದಳು. "ವರ್ತಕನ ತಲೆಗೆ ಹೊಡೆದವನು ಆ ಅಣ್ಣನ ಮಗನೇ."

ಮೇಷ್ಟ್ರು ಕೇಳಿದರು: "ವರ್ತಕನಿಗೆ ಯಾರೋ ಹೊಡೆದರು ಅಂತ ನಿನಗೆ ಹೇಳಿದವರು ಯಾರು?"