ಮುಚ್ಚಳ ಕಾದವನು

"ಗುರುಗಳೇ, ಒಬ್ಬ ಮನುಷ್ಯನ ಮನಸ್ಸಿನೊಳಗೆ ನಮ್ಮ ಮೇಲೆ ಬೇಸರ ಇದೆಯೋ ಇಲ್ಲವೋ ಅಂತ ತಿಳಿದುಕೊಳ್ಳೋದು ಹೇಗೆ?"

ಹೀಗೆ ಕೇಳಿದವನು ಮುರಿಗೆಪ್ಪ. ಹೊಲಿಗೆ ಅಂಗಡಿಯನ್ನು ತಮ್ಮನ ಕೈಗೆ ಒಪ್ಪಿಸಿ ಗುರುವಿನ ಹತ್ತಿರ ಬಂದು ನಾಲ್ಕು ತಿಂಗಳಾಗಿತ್ತು. 'ಹೋಗಿ ಬಾರಣ್ಣ, ನಾನಿದ್ದೀನಲ್ಲ' ಎಂದು ತಮ್ಮನೇ ಬಸ್ಸು ಹತ್ತಿಸಿದ್ದ. ಆದರೂ ದಿನಕ್ಕೆ ನಾಲ್ಕೈದು ಸಲ ಫೋನ್ ಮಾಡಿ, ನನ್ನ ಮೇಲೆ ಸಿಟ್ಟಿಲ್ಲ ತಾನೇ ಎಂದು ಕೇಳದಿದ್ದರೆ ಮುರಿಗೆಪ್ಪನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಮೊದಮೊದಲು ತಮ್ಮ ನಗುತ್ತಿದ್ದ. ಈಗ ಒಂದು ಮಾತಿನಲ್ಲಿ ಉತ್ತರ ಕೊಟ್ಟು ಫೋನ್ ಇಟ್ಟುಬಿಡುತ್ತಿದ್ದ.

"ನನಗೆ ಮೊದಲೇ ಅನುಮಾನ ಇತ್ತು. ಅವನ ದನಿ ಬರಬರುತ್ತಾ ಗಡುಸಾಗ್ತಿದೆ. ನನಗಿರೋನು ಅವನೊಬ್ಬನೇ. ಅವನೂ ದೂರ ಆದರೆ ನನಗ್ಯಾರು ಗತಿ?" ಎಂದ ಮುರಿಗೆಪ್ಪ.

ಗುರು ಕಡಲೆಕಾಯಿ ಬಿಡಿಸುತ್ತಿದ್ದರು. "ಕೂತ್ಕೋ" ಎಂದರು. ಅವನು ಕೂತ. ಫೋನು ಅಂಗೈಯಲ್ಲೇ ಇತ್ತು. ಗುರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಕೈ ಸೂಕ್ಷ್ಮ, ಕಣ್ಣು ಚುರುಕು, ಎದೆ ಮಾತ್ರ ಸದಾ ಡವಡವ. ನೀರು ಹೋಗದ ಕೈಗಡಿಯಾರ ತಂದು, ಸುಮ್ಮನೆ ಒಂದು ಸಲ ಒಳಗೆ ನೋಡಿಬಿಡಿ ಎಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ. "ಓಡ್ತಾ ಇದೆಯಲ್ಲ ಸ್ವಾಮಿ, ಮತ್ತೆ ಯಾಕೆ ಬೆನ್ನು ಬಿಚ್ಚಿಸ್ತೀರಿ? ಬಿಚ್ಚಿದರೆ ಒಳಗಿನ ರಬ್ಬರು ಮೊದಲು ಕೂತ ಹಾಗೆ ಮತ್ತೆ ಕೂರೋದಿಲ್ಲ."

ಅವನಿಗೊಬ್ಬ ಗೆಳೆಯ. ಲಾರಿಗಳಿಗೆ ಬಣ್ಣ ಬಳಿಯುವವನು. ಈ ಬಣ್ಣದವನಿಗೆ ಒಂದು ಹುಚ್ಚು ಹಿಡಿದಿತ್ತು. ರಿಮೋಟಿನಲ್ಲಿ ಓಡುವ ದೋಣಿ ಮಾಡಬೇಕು ಎಂಬ ಹುಚ್ಚು. ಕೆಲಸ ಬಿಟ್ಟ ಹೊತ್ತಿನಲ್ಲೆಲ್ಲ ಕೂತು, ನಾಲ್ಕು ವರ್ಷಕ್ಕೆ ಒಂದು ದೋಣಿ ಮಾಡಿದ. ಮೂರಡಿ ಉದ್ದ, ಕೆಂಪು ಬಣ್ಣ. ಒಳಗೆ ಮೋಟರು, ಬ್ಯಾಟರಿ, ರಿಮೋಟಿನ ಮಾತು ಕೇಳಿಸಿಕೊಳ್ಳುವ ಬೆಂಕಿಪೊಟ್ಟಣದಷ್ಟು ಯಂತ್ರ. ಇವಕ್ಕೆಲ್ಲ ನೀರು ತಾಗಿದರೆ ಕತೆ ಮುಗಿಯಿತು. ಅದಕ್ಕೇ ದೋಣಿಯ ಬೆನ್ನಿನ ಮೇಲಿದ್ದ ಬಾಯಿಗೆ ಸುತ್ತ ಬೆರಳೆತ್ತರದ ಕಟ್ಟೆ ಕಟ್ಟಿ, ಕಟ್ಟೆಯ ಮೇಲೆ ರಬ್ಬರಿನ ಪಟ್ಟಿ ಅಂಟಿಸಿ, ಅದರ ಮೇಲೆ ಗಟ್ಟಿಯಾಗಿ ಕೂರುವ ಮುಚ್ಚಳ ಮಾಡಿದ್ದ.

ದೋಣಿ ಮುಗಿಯಿತು. ಅದನ್ನು ನೀರಿಗೆ ಬಿಡುವ ಮೊದಲೇ ಬಣ್ಣದವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತು ನಿಧಾನವಾಯಿತು. ಇನ್ನೊಂದು ದೋಣಿ ಮಾಡುವ ಕೈ ಇದಲ್ಲ ಎಂಬುದು ಅವನಿಗೂ ಗೊತ್ತಾಯಿತು, ಮನೆಯವರಿಗೂ ಗೊತ್ತಾಯಿತು. ಇದೊಂದು ದೋಣಿ ನೀರಿನ ಮೇಲೆ ಓಡುವುದನ್ನು ಕಣ್ಣಾರೆ ನೋಡಬೇಕು, ಬೇರೇನೂ ಬೇಡ ಎಂದ.

ಊರ ಕೆರೆಯ ತುಂಬ ಜೊಂಡು. ದೋಣಿಯ ಪಂಖಕ್ಕೆ ಸುತ್ತಿಕೊಳ್ಳುತ್ತದೆ. ಊರಾಚೆಯ ಹಳೇ ಕಲ್ಲು ಕ್ವಾರಿಯಲ್ಲಿ ತಿಳಿನೀರಿತ್ತು. ಅಲ್ಲಿಯೇ ಆಗಲಿ, ಮುಂದಿನ ಭಾನುವಾರ ಬೆಳಿಗ್ಗೆ ಎಂದು ಮಾತಾಯಿತು. ಆದರೆ ಕ್ವಾರಿಯ ಆಳ ಅರವತ್ತು ಅಡಿ. ಅದರಲ್ಲಿ ಮುಳುಗಿದ್ದು ಯಾವುದೂ ಮೇಲೆ ಬಂದದ್ದಿಲ್ಲ.

ಬಣ್ಣದವನು ಗೆಳೆಯನನ್ನು ಕರೆಸಿ ದೋಣಿ ಅವನ ತೊಡೆಯ ಮೇಲಿಡಿಸಿದ.

"ಮುಚ್ಚಳ ನಿನ್ನ ಪಾಲಿಗೆ ಕಣೋ. ಗಡಿಯಾರ ಮುಚ್ಚೋ ಕೈ ನಿಂದು. ರಬ್ಬರಿಗೆ ಚೂರು ಗ್ರೀಸು ಸವರು. ಮುಚ್ಚು. ನಾಲ್ಕೂ ಕಡೆ ಟೇಪು ಹಾಕು. ಹಾಕಿದ ಮೇಲೆ ತೆಗೀಬೇಡ."

"ನೀರು ಹೋಗಿದ್ದರೆ?"

"ಕಿವಿ ಹತ್ತಿರ ಹಿಡಿದು ಅಲ್ಲಾಡಿಸು. ನೀರಿದ್ದರೆ ಅದೇ ಹೇಳುತ್ತೆ. ತೆಗೀಲೇಬೇಕು ಅಂದರೆ ಮನೆಗೆ ತಂದು, ಪೂರಾ ಒಣಗಿಸಿ, ಆಮೇಲೆ ತೆಗಿ."

ಇಷ್ಟು ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಗಡಿಯಾರದವನು ದೋಣಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಮನೆಗೆ ಬಂದ.

ಸೋಮವಾರ ಹಿತ್ತಿಲ ತೊಟ್ಟಿಯಲ್ಲಿ ನೋಡಿದ. ಗೆಳೆಯ ಹೇಳಿದ ಹಾಗೇ ಗ್ರೀಸು ಸವರಿ, ಮುಚ್ಚಿ, ಟೇಪು ಹಾಕಿ, ನೀರಿಗೆ ಬಿಟ್ಟು, ಚೊಂಬಿನಲ್ಲಿ ಮೇಲಿಂದಲೂ ನೀರು ಹೊಯ್ದ. ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ. ಸದ್ದಿಲ್ಲ. ಸದ್ದು ಬಾರದ್ದೇ ಅವನನ್ನು ಹೆದರಿಸಿತು. ನಾಲ್ಕು ಹನಿ ಹೋಗಿದ್ದರೆ ಸದ್ದು ಎಲ್ಲಿಂದ ಬರಬೇಕು? ಇವತ್ತು ನಾಲ್ಕು ಹನಿ, ಭಾನುವಾರ ನಾಲ್ಕು ಲೋಟ ಆದರೆ? ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ದೋಣಿ ಇಟ್ಟು, ಟೇಪು ಕಿತ್ತು, ಮುಚ್ಚಳ ಎತ್ತಿ ಬಗ್ಗಿ ನೋಡಿದ.

ತಳದಲ್ಲಿ ಒಂದು ಚಮಚದಷ್ಟು ನೀರಿತ್ತು.

ಒರೆಸಿದ. ಇನ್ನಷ್ಟು ಗ್ರೀಸು ಸವರಿದ. ಹೊಸ ಟೇಪು ಹಾಕಿದ. ಮತ್ತೆ ನೀರಿಗೆ ಬಿಟ್ಟ, ಮತ್ತೆ ಅಲ್ಲೇ ತೆಗೆದ. ಮತ್ತೆ ಒಂದು ಚಮಚ.

ಮಂಗಳವಾರ ರಬ್ಬರಿನ ಪಟ್ಟಿಯನ್ನೇ ಕಿತ್ತು ಬೇರೆ ಹಾಕಿದ. ಒಂದು ಚಮಚ. ಬುಧವಾರ ಟೇಪಿನ ಮೇಲೆ ಟೇಪು ಹಾಕಿದ. ಎರಡು ಚಮಚ. ಹಗಲೆಲ್ಲ ಅಂಗಡಿಯಲ್ಲಿ ಕೂತು, ಬೆನ್ನು ಬಿಚ್ಚಿಸಬೇಡಿ ಸ್ವಾಮಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಸಂಜೆ ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ತೊಟ್ಟಿಗೆ ಓಡುತ್ತಿದ್ದ.

"ಸ್ನಾನಕ್ಕೆ ನೀರು ಬಿಡ್ತೀರೋ, ಇಲ್ಲ ಇದೇ ನಿಮ್ಮ ಬಂದರು ಅಂತ ಬೋರ್ಡು ಹಾಕಿಬಿಡಲೋ?" ಎಂದಳು ಹೆಂಡತಿ.

"ಸುಮ್ನಿರೇ. ಅವನ ನಾಲ್ಕು ವರ್ಷ ಇದರೊಳಗಿದೆ."

ಗುರುವಾರ ಅವನಿಗೆ ಇನ್ನೊಂದು ತೊಡಕು ಕಂಡಿತು. ದೋಣಿಯ ಮೂತಿಯೊಳಗೆ ಬಣ್ಣದವನು ಥರ್ಮಾಕೋಲಿನ ಒಂದು ದಪ್ಪ ತುಂಡು ತುರುಕಿದ್ದ. ನೀರು ತುಂಬಿದರೂ ದೋಣಿ ಮುಳುಗದೆ ತೇಲಲಿ ಎಂದು ಇಟ್ಟದ್ದು. ಅದರ ಹಿಂದೆ ನೀರು ಅಡಗಿದ್ದರೆ ಕಾಣುವ ಹಾಗಿರಲಿಲ್ಲ. ಗಡಿಯಾರದವನು ಅದನ್ನು ಹೊರಗೆಳೆದು ಮಾಡದ ಮೇಲಿಟ್ಟ. ಈಗ ದೋಣಿಯ ಮೂಲೆಮೂಲೆಯೂ ಚೆನ್ನಾಗಿ ಕಂಡಿತು. ನೀರು ಮಾತ್ರ ಇದ್ದೇ ಇತ್ತು.

ಶನಿವಾರ ಬಣ್ಣದವನ ಹೆಂಡತಿ ಅಂಗಡಿಗೆ ಬಂದು, "ಎಲ್ಲ ಸರಿ ಇದೆಯಾ ಅಣ್ಣ? ಅವರು ಈಗಲೇ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಕೂತಿದ್ದಾರೆ" ಎಂದಳು. ಸರಿ ಇದೆ ತಾಯಿ ಎಂದ. ಇಲ್ಲ ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ.

ಭಾನುವಾರ ಬಂತು. ಕ್ವಾರಿಯ ದಂಡೆಯಲ್ಲಿ ಗಾಲಿಕುರ್ಚಿ. ಸುತ್ತ ಲಾರಿ ಶೆಡ್ಡಿನವರು ಹತ್ತು ಹನ್ನೆರಡು ಮಂದಿ. ದೋಣಿ ನೀರಿಗಿಳಿಯಿತು, ಮೂತಿ ಎತ್ತಿಕೊಂಡು ಓಡಿತು. ಬಣ್ಣದವನ ಮುಖದ ಎಡಭಾಗ ನಕ್ಕಿತು.

ಒಂದು ಸುತ್ತು ಆಗುತ್ತಲೇ ಗಡಿಯಾರದವನು ರಿಮೋಟು ಒತ್ತಿ ದೋಣಿಯನ್ನು ದಡಕ್ಕೆ ತಂದ. ನೀರಿನಲ್ಲಿ ಮೊಣಕೈವರೆಗೆ ಕೈ ಹಾಕಿ ಎತ್ತಿ, ಬಂಡೆಯ ಮೇಲೆ ಮಂಡಿಯೂರಿ, ಟೇಪು ಕಿತ್ತು ನೋಡಿದ. ಒಂದು ಚಮಚ. ಅಂಗಿಯ ತುದಿಯಿಂದ ಒರೆಸಿ, ಮುಚ್ಚಿ, ಮತ್ತೆ ಬಿಟ್ಟ. ಎರಡನೇ ಸುತ್ತು. ಮತ್ತೆ ತಂದ, ಮತ್ತೆ ತೆಗೆದ. ಮೂರನೆಯದಕ್ಕೂ ಹಾಗೇ ಆಯಿತು.

"ಏನಣ್ಣೋ, ಒಳಗೆ ಅನ್ನಕ್ಕಿಟ್ಟಿದ್ದೀಯಾ? ಗಳಿಗೆಗೊಂದು ಸಲ ಮುಚ್ಚಳ ಎತ್ತಿ ನೋಡ್ತೀಯಲ್ಲ!" ಎಂದ ಒಬ್ಬ ಡ್ರೈವರು. ಎಲ್ಲರೂ ನಕ್ಕರು. ಬಣ್ಣದವನು ನಗಲಿಲ್ಲ. ಸಾಕು, ಬಿಡು ಎಂಬಂತೆ ಎಡಗೈ ಆಡಿಸಿದ.

"ಇದೊಂದೇ ಸಲ ಕಣೋ. ನೋಡದೆ ಇದ್ದರೆ ನನ್ನ ಜೀವ ನಿಲ್ಲೋದಿಲ್ಲ" ಎಂದ ಗಡಿಯಾರದವನು.

ಅಷ್ಟು ಹೊತ್ತಿಗೆ ಗ್ರೀಸಿಗೆ ಕಲ್ಲಿನ ಪುಡಿ ಮೆತ್ತಿಕೊಂಡಿತ್ತು. ರಬ್ಬರು ಒಂದು ಕಡೆ ಎದ್ದಿತ್ತು. ಒದ್ದೆಯ ಮೇಲೆ ಹಾಕಿದ ಟೇಪು ಹಿಡಿಯಲಿಲ್ಲ. ಹೆಬ್ಬೆರಳಿನಿಂದ ತಿಕ್ಕಿದ. ಹಿಡಿದ ಹಾಗೆ ಕಂಡಿತು. ನಾಲ್ಕನೇ ಸಲ ಬಿಟ್ಟ.

ನಡುನೀರಿನಲ್ಲಿ ದೋಣಿ ತಿರುಗಿತು. ತಿರುಗುವಾಗ ಅದೇ ಚಿಮ್ಮಿಸಿದ ನೀರು ಅದರ ಬೆನ್ನ ಮೇಲೆ ಹರಿಯಿತು. ಗಡಿಯಾರದವನು ರಿಮೋಟನ್ನು ಎಡಕ್ಕೆ ಒತ್ತಿದ. ದೋಣಿ ಕೇಳಲಿಲ್ಲ. ಬಲಕ್ಕೆ ಒತ್ತಿದ. ಕೇಳಲಿಲ್ಲ. ನಿಂತುಬಿಟ್ಟಿತು. ಗಾಳಿಗೆ ಎದ್ದ ಸಣ್ಣಸಣ್ಣ ಅಲೆಗಳು ಮುಚ್ಚಳದ ಮೇಲೆ ಹತ್ತಿ ಇಳಿಯತೊಡಗಿದವು. ಪ್ರತಿ ಅಲೆಗೂ ದೋಣಿ ಕೂದಲೆಳೆಯಷ್ಟು ತಗ್ಗುತ್ತಿತ್ತು. ಆ ಡ್ರೈವರು ಅಂಗಿ ಬಿಚ್ಚಿ ನೀರಿಗೆ ಬಿದ್ದ. ಜೋರಾಗಿಯೇ ಈಜಿದ. ಅವನು ಅರ್ಧ ದೂರ ಹೋಗುವಷ್ಟರಲ್ಲಿ ದೋಣಿಯ ಮೂತಿ ಕೆಳಗಿಳಿಯಿತು. ಥರ್ಮಾಕೋಲು ಇರಬೇಕಾಗಿದ್ದ ಜಾಗ ಅದು. ಕೆಂಪು ಹಿಂಭಾಗ ಒಮ್ಮೆ ಆಕಾಶ ನೋಡಿತು. ಆಮೇಲೆ ಬರೀ ನೀರು.

ಗಡಿಯಾರದವನು ಹೋಗಿ ಗಾಲಿಕುರ್ಚಿಯ ಮುಂದೆ ಕುಕ್ಕರಿಸಿದ.

"ನಾನು ಕಾಯ್ತಾನೇ ಇದ್ದೆ ಕಣೋ," ಎಂದ. "ಒಂದು ವಾರದಿಂದ ಕಾಯ್ತಿದ್ದೆ. ತೆಗೆದಾಗಲೆಲ್ಲ ಒಳಗೆ ನೀರಿತ್ತು. ಒಂದು ಸಲವೂ ತಪ್ಪಲಿಲ್ಲ. ಎಲ್ಲಿಂದ ಬರ್ತಿತ್ತು ಅಂತ ಮಾತ್ರ ಕೊನೆಗೂ ಗೊತ್ತಾಗಲಿಲ್ಲ."

ಬಣ್ಣದವನು ನೀರಿನ ಕಡೆ ನೋಡುತ್ತಿದ್ದವನು ಗೆಳೆಯನ ಕೈಗಳ ಕಡೆ ನೋಡಿದ. ತುಸು ಹೊತ್ತು ನೋಡುತ್ತಲೇ ಇದ್ದ.

"ಕೈ ಒರೆಸಿಕೊಂಡು ತೆಗೀತಿದ್ಯಾ?" ಎಂದು ಕೇಳಿದ.

ಗಡಿಯಾರದವನು ತಲೆ ತಗ್ಗಿಸಿ ನೋಡಿಕೊಂಡ. ಅಂಗಿಯ ತೋಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಬೆರಳಿಗೆ ನೀರು ಇಳಿದು ಬರುತ್ತಿತ್ತು. ಅವನ ಎರಡು ಮಂಡಿಗಳ ನಡುವೆ, ಬಂಡೆಯ ಒಂದು ಸಣ್ಣ ಗುಳಿಯಲ್ಲಿ, ಆಗಲೇ ಒಂದು ಚಮಚದಷ್ಟು ನಿಂತಿತ್ತು.

ಗುರು ಕತೆ ನಿಲ್ಲಿಸಿ ಇನ್ನೊಂದು ಕಡಲೆಕಾಯಿ ಒಡೆದರು.

ಮುರಿಗೆಪ್ಪ ಕೇಳಿದ. "ಹಾಗಾದರೆ ಆ ದೋಣಿ ಸೋರುತ್ತಲೇ ಇರಲಿಲ್ಲವೇ?"

"ಸೋಮವಾರ ಸೋರುತ್ತಿರಲಿಲ್ಲ."

ಮುರಿಗೆಪ್ಪ ಅದನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಾ ಕೂತ. ಅವನ ಹೆಬ್ಬೆರಳು ಅವನಿಗೇ ತಿಳಿಯದಂತೆ ಫೋನಿನ ಮೇಲೆ ಸರಿದು, ತಮ್ಮನ ಹೆಸರಿನ ಹತ್ತಿರ ಬಂದು ನಿಂತಿತ್ತು.

ಗುರು ತಲೆ ಎತ್ತದೆಯೇ ಹೇಳಿದರು. "ಅದನ್ನು ಕೆಳಗಿಡು ಮುರಿಗೆಪ್ಪ, ನಿನ್ನ ಕೈ ಒದ್ದೆಯಾಗಿದೆ."