ಖಾಲಿ ಎಂದಿದ್ದ ಟೇಪು

ನದಿ ದಂಡೆಯ ಆಶ್ರಮದಲ್ಲಿ ಚೆನ್ನಾಜಿಗೆ ಕಂಪ್ಯೂಟರ್ ಕೋಣೆಯ ಸೇವೆ. ಆ ದಿನ ಬೆಳಿಗ್ಗೆಯಿಂದ ಅವಳು ಕೂತಲ್ಲಿಂದ ಎದ್ದಿರಲಿಲ್ಲ. ಪಕ್ಕದಲ್ಲಿಟ್ಟ ಗಂಜಿ ಆರಿ ಕೆನೆಗಟ್ಟಿತ್ತು.

ಹೊರಗೆ ಜಗಲಿಯ ಮೇಲೆ ಮಾದೇವಿ ಕಾಯುತ್ತಿದ್ದಳು. ಮೂರು ವರ್ಷದವಳಿದ್ದಾಗ ಯಾರೋ ಅವಳನ್ನು ಆಶ್ರಮದಲ್ಲಿ ಬಿಟ್ಟುಹೋಗಿದ್ದರು. ಇಲ್ಲೇ ಬೆಳೆದು ಮದುವೆಯಾಗಿ ಹೋದವಳು ಈಗ ತುಂಬಿದ ಬಸುರಿ. ಬಂದವಳು ಕೇಳಿದ್ದು ಒಂದೇ ಮಾತು.

"ಅಕ್ಕಾ, ನಮ್ಮವ್ವನ ಹೆಸರೇನು ಅಂತ ನೋಡಿ ಹೇಳ್ತೀರಾ?"

ಹಾಗೆ ಬಂದ ಮಕ್ಕಳ ವಿವರವನ್ನು ಆಶ್ರಮದವರು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಎಂಟು ವರ್ಷದ ಹಿಂದೆ ಚೆನ್ನಾಜಿಯೇ ಅದರ ಹಾಳೆ ಹಾಳೆಯನ್ನೂ ಸ್ಕ್ಯಾನ್ ಮಾಡಿ ಬ್ಯಾಕಪ್ ಟೇಪಿಗೆ ಇಳಿಸಿದ್ದಳು. ಮರುವರ್ಷದ ನೆರೆಯಲ್ಲಿ ಪುಸ್ತಕ ನೆನೆದು ಮುದ್ದೆಯಾಯಿತು. ಉಳಿದದ್ದು ಟೇಪೊಂದೇ.

ಎಷ್ಟು ವರ್ಷ ಇಡಬೇಕು ಎಂದು ಅಂದು ಯಂತ್ರ ಕೇಳಿತ್ತು. ಏಳು ಸಾಕು ಅನ್ನಿಸಿತ್ತು ಅವಳಿಗೆ. ಯಾರನ್ನೂ ಕೇಳದೆ ಏಳು ಎಂದು ಒತ್ತಿದ್ದಳು.

ಈಗ ಆ ಅವಧಿ ಮುಗಿದಿತ್ತು. ಕಂಪ್ಯೂಟರಿನಲ್ಲಿದ್ದ ಟೇಪುಗಳ ಪಟ್ಟಿಯಲ್ಲಿ ಇದರ ಮುಂದೆ ಒಂದೇ ಪದವಿತ್ತು: ಖಾಲಿ.

ಅವಳು ಟೇಪನ್ನು ಯಂತ್ರಕ್ಕೆ ಹಾಕಿದಳು. ತೆಗೆದಳು. ಒರೆಸಿ ಮತ್ತೆ ಹಾಕಿದಳು. ಟೇಪನ್ನು ಸಿದ್ಧಪಡಿಸಲೇ ಎಂದು ಪರದೆ ಕೇಳಿತು. ಅವಳ ಬೆರಳು ಹೌದು ಎಂಬುದರ ಮೇಲೆ ಹೋಯಿತು.

"ತಡಿ."

ಬಾಗಿಲಲ್ಲಿ ಗುರುಗಳು ನಿಂತಿದ್ದರು. ಈ ಸೇವೆಯನ್ನು ಅವಳಿಗೆ ಕಲಿಸಿದವರೇ ಅವರು.

"ಏನು ಕೇಳ್ತಿದೆ ಅದು?"

"ಸಿದ್ಧ ಮಾಡ್ಲಾ ಅಂತಿದೆ ಬುದ್ಧಿ. ಹೂಂ ಅಂದ್ರೆ ಓದುತ್ತೇನೋ..."

"ಓದೋಕೆ ಸಿದ್ಧ ಮಾಡುತ್ತೋ, ಹೊಸದಾಗಿ ಬರೆಯೋಕೋ?"

ಹೊಸದಾಗಿ ಬರೆದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ ಎಂದು ಚೆನ್ನಾಜಿಗೆ ಆಗ ಹೊಳೆಯಿತು.

ಗುರುಗಳು ಟೇಪನ್ನು ಹೊರಗೆ ತೆಗೆದರು. ಅದರ ಅಂಚಿನಲ್ಲಿದ್ದ ಪುಟ್ಟ ತಡೆಯನ್ನು ಉಗುರಿನಿಂದ ಸರಿಸಿದರು. ಟಿಕ್ ಎಂದಿತು.

"ಇನ್ನು ಇದರ ಮೇಲೆ ಯಾರೂ ಬರೆಯೋಕಾಗಲ್ಲ. ಈಗ ಎಷ್ಟು ಬೇಕಾದ್ರೂ ಗಾಬರಿಯಾಗು."

"ಖಾಲಿ ಅಂತಿದೆಯಲ್ಲ ಬುದ್ಧಿ?"

"ಹಾಗನ್ನೋದು ಪಟ್ಟಿ. ಅವಧಿ ಮುಗಿದದ್ದು ಅದರ ಲೆಕ್ಕ. ಟೇಪನ್ನ ಕೇಳಿದ್ಯಾ?"

"ಪಟ್ಟಿ ಇಲ್ದೆ ಎಲ್ಲಿಂದ ಹುಡುಕಲಿ?"

"ಮೊದಲಿಂದ."

"ಪೂರ್ತಿನಾ? ಸಂಜೆ ಆಗ್ಹೋಗುತ್ತೆ!"

"ಬೇರೇನಾದ್ರೂ ಕೆಲಸ ಇತ್ತೇನಮ್ಮ?"

ಟೇಪು ತಿರುಗತೊಡಗಿತು. ಗುರುಗಳು ಗೋಡೆಗೆ ಒರಗಿ ಕೂತರು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಒಮ್ಮೆ ನಿಂತಿತು, ಹಿಂದಕ್ಕೆ ಹೋಯಿತು, ಕರಕರ ಎಂದಿತು. ಚೆನ್ನಾಜಿ ಯಂತ್ರದತ್ತ ಬಗ್ಗಿದಳು. ಟೇಪಿಗೂ ತೇವ ತಾಗಿತ್ತೇ? ಕಿಟಕಿಯಾಚೆ ಮಾದೇವಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇತ್ತಲೇ ನೋಡುತ್ತಿದ್ದಳು.

ಚೆನ್ನಾಜಿಗೆ ತಡೆಯಲಾಗಲಿಲ್ಲ. ಎದ್ದುಬಿಟ್ಟಳು.

"ಎಲ್ಲಿಗೆ?"

"ಏನಾದ್ರೂ ಹೇಳಿಬಿಡ್ತೀನಿ ಬುದ್ಧಿ. ನಿಮ್ಮವ್ವ ತುಂಬ ಒಳ್ಳೆಯವಳಂತೆ, ತೀರಿಕೊಂಡಳಂತೆ ಅಂತ. ಸಮಾಧಾನಕ್ಕೆ."

ಗುರುಗಳು ತಮ್ಮ ಉಗುರನ್ನು ನೋಡಿಕೊಂಡರು.

"ಬರೆಯದ ಹಾಗೆ ತಡೆ ಇರೋದು ಟೇಪಿಗೆ. ಆ ಹುಡುಗಿಗೆ ಇಲ್ಲ, ಏನು ಬರೆದ್ರೂ ಉಳಿದುಬಿಡುತ್ತೆ."

ಚೆನ್ನಾಜಿ ಮರಳಿ ಕೂತಳು. ಯಂತ್ರ ಮತ್ತೆ ಮುಂದಕ್ಕೆ ಹೊರಟಿತು.

ಹೊಳೆಯ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ಪರದೆಯ ಮೇಲೆ ಆ ಹಾಳೆ ಮೂಡಿತು. ಯಾರದೋ ಓರೆ ಬರಹ. ಮಗು: ಮಾದೇವಿ. ತಾಯಿ: ಚಿಕ್ಕತಾಯಮ್ಮ.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಮಗು ಇಲ್ಲಿರುವುದು ಎಷ್ಟು ದಿನಕ್ಕೆ: ಸುಗ್ಗಿವರೆಗೆ.

ಚೆನ್ನಾಜಿ ಆ ಸಾಲನ್ನು ಎರಡು ಸಲ ಓದಿದಳು. ಕಣ್ಣೊರೆಸಿಕೊಂಡು ಹೊಸ ಟೇಪು ಹಾಕಿ, ಹಾಳೆಗಳನ್ನೆಲ್ಲ ಅದಕ್ಕೆ ಇಳಿಸಲು ಕೂತಳು.

ಎಷ್ಟು ವರ್ಷ ಇಡಬೇಕು ಎಂದು ಯಂತ್ರ ಕೇಳಿತು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಎಷ್ಟು ಅಂತ ಹಾಕಲಿ ಬುದ್ಧಿ?"

ಗುರುಗಳು ಎದ್ದು ಬಾಗಿಲು ತೆರೆದರು.

"ಆಚೆ ಕೂತಿದ್ದಾಳಲ್ಲ, ಅವ್ವನ ಹೆಸರು ಹೇಳಿ ಅವಳನ್ನೇ ಕೇಳು."